ಬೆನ್ನೆಂಬ ಸನ್ನೆಗೋಲು

ಶಹಾಬಾದಿನ ಹಾಸುಗಲ್ಲು, ಅಂದರೆ ಫರಸಿ, ಚಿಮ್ಮನಚೋಡದ ಕಡೆಯವರಿಗೆ ಚಿರಪರಿಚಿತ. ಕಾಲೇಜಿನ ದಿನಗಳಲ್ಲಿ ಅಂತಹುದೊಂದು ಕಲ್ಲನ್ನು ಬಗ್ಗಿ ಎತ್ತಹೋಗಿ ನಾನು ಸೊಂಟ ನೋಯಿಸಿಕೊಂಡೆನು. ಭೌತಶಾಸ್ತ್ರವನ್ನು ಬೋಧಿಸತೊಡಗಿದ ಮೇಲೆ ಆ ತಪ್ಪಿನ ಲೆಕ್ಕ ತಿಳಿಯಿತು.

2 ಅಡಿ ಉದ್ದ, 2 ಅಡಿ ಅಗಲ, 1 ಅಂಗುಲ ದಪ್ಪದ ಕಲ್ಲಿನ ತೂಕ ಸುಮಾರು 25 ಕಿಲೋಗ್ರಾಂ. ಅದನ್ನು ಸೊಂಟದಿಂದ 40 ಸೆಂಟಿಮೀಟರ್ ಮುಂದೆ ಹಿಡಿದೆವೆನ್ನಿ. ಕಶೇರುಮಣಿಗಳ ನಡುವಣ ಮೆತ್ತನೆಯ ಬಿಲ್ಲೆಯೇ ಇಲ್ಲಿ ಆಧಾರಬಿಂದು. ಬೆನ್ನಿನ ಸ್ನಾಯುವಾದರೋ ಅದರ ಹಿಂದೆ ಸುಮಾರು 5 ಸೆಂಟಿಮೀಟರ್ ದೂರದಲ್ಲಿ ಮಾತ್ರ ಇದೆ. ಆದುದರಿಂದ ಸನ್ನೆಯ ನಿಯಮದಂತೆ ಅದು ಎಂಟರಷ್ಟು, ಎಂದರೆ 200 ಕಿಲೋಗ್ರಾಂ ತೂಕಕ್ಕೆ ಸಮನಾದ ಬಲದಿಂದ ಎಳೆಯಬೇಕಾಗುತ್ತದೆ. ಬಗ್ಗಿದ ಮೈಯ ಭಾರ ಬೇರೆ! ಕಲ್ಲನ್ನು 20 ಸೆಂಟಿಮೀಟರಿಗೆ ಸರಿಸಿಕೊಂಡರೆ ಕಲ್ಲಿಗಾಗಿ ಬೇಕಾದ ಬಲ ಅರ್ಧಕ್ಕಿಳಿಯುವುದು.

ಹಾಗಾದರೆ ಒಮ್ಮೆ ಬೆನ್ನು ನೊಂದವರು ಮಲಗಿಯೇ ಇರಬೇಕೆ? ಕೂಡದು. ಬಹುದಿನ ಮಲಗಿದರೆ ಸ್ನಾಯುಗಳು ಸೊರಗುತ್ತವೆ. 2024ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಪ್ರಯೋಗವೊಂದರಲ್ಲಿ, ಬೆನ್ನುನೋವಿನಿಂದ ಚೇತರಿಸಿಕೊಂಡ 701 ಮಂದಿ ಭಾಗವಹಿಸಿದ್ದರು. ಮಾರ್ಗದರ್ಶನ ಪಡೆದು ನಡಿಗೆಯನ್ನು ಕ್ರಮವಾಗಿ ಹೆಚ್ಚಿಸಿಕೊಂಡವರ ಗುಂಪಿನಲ್ಲಿ ನೋವು ಮರುಕಳಿಸುವವರೆಗಿನ ಮಧ್ಯಕ ಅವಧಿ 208 ದಿನ. ಉಳಿದವರಲ್ಲಿ 112 ದಿನ.

ಕಾಲಿನಲ್ಲಿ ಜೋಮು ಅಥವಾ ನಿಶ್ಶಕ್ತಿ, ಮೂತ್ರದ ತೊಂದರೆ ಕಂಡರೆ ತಡಮಾಡದೆ ವೈದ್ಯರನ್ನು ಕಾಣತಕ್ಕದ್ದು. ಉಳಿದಂತೆ ವಿದ್ಯಾರ್ಥಿಮಿತ್ರರು ಎರಡನ್ನು ನೆನಪಿಡಲಿ: ಭಾರ ಮೈಗೆ ಹತ್ತಿರವಿರಲಿ; ಮಂಚ ಮೈಗೆ ದೂರವಿರಲಿ. ನಾನಂತೂ ಪ್ರತಿ ಮುಂಜಾನೆ ಹೊಲದ ದಾರಿ ಹಿಡಿಯುತ್ತೇನೆ.