ಬಾಡಿಗೆ ಏರಿಕೆ: ಬಾಯಿಮಾತು ಒಂದು, ಕಾನೂನು ಇನ್ನೊಂದು

ಬೆಂಗಳೂರಿನ ಯಾವ ಬಡಾವಣೆಯಲ್ಲಾದರೂ ಸರಿ, ಹತ್ತನೇ ತಿಂಗಳು ಮುಗಿಯುತ್ತಿದ್ದಂತೆ ಓನರ್ ಮೆಟ್ಟಿಲ ಬಳಿ ಸಿಗುತ್ತಾರೆ. ಊಟ ಆಯ್ತಾ, ಮಗು ಈಗ ಯಾವ ಕ್ಲಾಸು ಎಂದು ಶುರುವಾದ ಮಾತು, "ಮುಂದಿನ ತಿಂಗಳಿಂದ ಟೆನ್ ಪರ್ಸೆಂಟ್ ಸೇರಿಸಿ ಹಾಕ್ಬಿಡಿ, ರೂಲ್ ಪ್ರಕಾರ" ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಯಾವ ರೂಲ್ ಎಂದು ಬಾಡಿಗೆದಾರ ಕೇಳುವುದಿಲ್ಲ. ಕೇಳಿದರೆ ಓನರಿಗೂ ಗೊತ್ತಿರುವುದಿಲ್ಲ.

ತಪ್ಪು ಕಲ್ಪನೆ: ಶೇ 10ರ ಏರಿಕೆ ಸರ್ಕಾರದ ನಿಯಮ

ಅಂಥ ನಿಯಮ ಇಲ್ಲ. ಕರ್ನಾಟಕದಲ್ಲಿ ಇರುವುದು 1999ರ ಬಾಡಿಗೆ ಕಾಯ್ದೆ. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಜಾಗಕ್ಕೆ ಬಂದು, 2001ರ ಡಿಸೆಂಬರ್ 31ರಿಂದ ಜಾರಿಯಲ್ಲಿದೆ. ಅದು ಪ್ರಮಾಣಿತ ಬಾಡಿಗೆಯ, ಅಂದರೆ ಕಾಯ್ದೆಯ ಲೆಕ್ಕದಂತೆ ನಿಗದಿಯಾಗುವ ಬಾಡಿಗೆಯ ಮಾತನ್ನೇನೋ ಆಡುತ್ತದೆ. ಆದರೆ ಬಾಗಿಲಲ್ಲೇ ಬಹಳ ಮನೆಗಳನ್ನು ಹೊರಗೆ ನಿಲ್ಲಿಸುತ್ತದೆ: ಬೆಂಗಳೂರಿನಲ್ಲಿ ಪ್ರಮಾಣಿತ ಬಾಡಿಗೆ ತಿಂಗಳಿಗೆ 3,500 ರೂಪಾಯಿ ಮೀರಿದರೆ, ಸಣ್ಣ ಊರುಗಳಲ್ಲಿ 2,000 ಮೀರಿದರೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಅಂಗಡಿಯಾದರೆ 14 ಚದರ ಮೀಟರ್ ದಾಟಿದ್ದಕ್ಕೆ ಅನ್ವಯವಿಲ್ಲ. ಇವತ್ತು 3,500ಕ್ಕೆ ಬೆಂಗಳೂರಿನಲ್ಲಿ ಪಿಜಿಯ ಮೂಲೆಮಂಚವೂ ಕಷ್ಟ. ಹೀಗಾಗಿ ನಗರದ ಬಹುಪಾಲು ಬಾಡಿಗೆ ಮನೆಗಳನ್ನು ಆಳುವುದು ಬ್ರಿಟಿಷರ ಕಾಲದ ಎರಡು ಕಾಯ್ದೆ, 1882ರ ಸ್ವತ್ತು ವರ್ಗಾವಣೆ ಕಾಯ್ದೆ ಮತ್ತು 1872ರ ಕರಾರು ಕಾಯ್ದೆ. ಎರಡರಲ್ಲೂ ಬಾಡಿಗೆ ಎಷ್ಟು ಏರಬೇಕು ಎಂಬ ಅಂಕಿ ಇಲ್ಲ. ಇಬ್ಬರೂ ಒಪ್ಪಿ ಬರೆದುಕೊಂಡದ್ದೇ ಅಂಕಿ.

ಹಾಗಾದರೆ ಈ ಹತ್ತು ಎಲ್ಲಿಂದ ಬಂತು? ನನ್ನ ಊಹೆ ಕೇಳಿದರೆ, ಡಿಟಿಪಿ ಅಂಗಡಿಯಿಂದ. ಸ್ಟಾಂಪ್ ಪೇಪರ್ ಮಾರುವ ಕಡೆ ಕಂಪ್ಯೂಟರಿನಲ್ಲಿ ಒಂದು ಸಿದ್ಧ ಕರಾರು ಇರುತ್ತದೆ. ಹೆಸರು, ಅಪ್ಪನ ಹೆಸರು, ವಿಳಾಸ, ಅಡ್ವಾನ್ಸ್ ಬದಲಾಗುತ್ತವೆ, ಮಿಕ್ಕದ್ದು ಬದಲಾಗುವುದಿಲ್ಲ. ಯಾರೋ ಒಮ್ಮೆ ಟೈಪಿಸಿದ "ಶೇ 10" ಸಾವಿರಾರು ಮನೆ ಹೊಕ್ಕಿರಬೇಕು. ನನ್ನ ಒಂದು ಹಳೆಯ ಕರಾರಿನಲ್ಲಿ ಆ ಜಾಗದಲ್ಲಿ ಬರೀ ಚುಕ್ಕಿಗಳಿದ್ದವು. ನಾನು ಸಹಿ ಹಾಕಿದ ಮೇಲೆ ಅದನ್ನು ನೀಲಿ ಪೆನ್ನಿನಲ್ಲಿ ತುಂಬಲಾಯಿತು. ತಪ್ಪು ನನ್ನದೇ.

ಅಂಕಿ ಸಣ್ಣದೆನಿಸಿದರೆ ಲೆಕ್ಕ ಹಾಕಿ. 15,000ದ ಬಾಡಿಗೆ ಶೇ 10ರಂತೆ ಮೂರು ಸಲ ಏರಿದರೆ 19,965. ಶೇ 5ರಂತಾದರೆ 17,364. ಇನ್ನೊಂದು ಯಾರೂ ಗಮನಿಸದ್ದು: ಕರಾರು ಸಾಮಾನ್ಯವಾಗಿ 11 ತಿಂಗಳದ್ದಾದ್ದರಿಂದ ಏರಿಕೆ ವರ್ಷಕ್ಕಲ್ಲ, 11 ತಿಂಗಳಿಗೆ. ಐದೂವರೆ ವರ್ಷ ಅದೇ ಮನೆಯಲ್ಲಿದ್ದವರಿಗೆ ಐದಲ್ಲ, ಆರು ಏರಿಕೆ.

ತಪ್ಪು ಕಲ್ಪನೆ: ಮನೆ ಅವರದು, ಯಾವಾಗ ಬೇಕಾದರೂ ಏರಿಸಬಹುದು

ಕರಾರಿನ ಅವಧಿಯೊಳಗೆ ಆಗದು. ಬಾಡಿಗೆ ಕರಾರಿನ ಒಂದು ಷರತ್ತು. ಒಬ್ಬರೇ ಕೂತು ಅದನ್ನು ತಿದ್ದಲು ಬರುವುದಿಲ್ಲ. ಪಕ್ಕದ ಬೀದಿಗೆ ಮೆಟ್ರೋ ಬಂತು, ಆಸ್ತಿ ತೆರಿಗೆ ಜಾಸ್ತಿಯಾಯಿತು ಎಂಬುವು ಅವಧಿ ಮುಗಿದ ಮೇಲಿನ ಚೌಕಾಸಿಗೆ ಕಾರಣಗಳು, ಅಷ್ಟೇ.

ಅವಧಿ ಮುಗಿದ ಮೇಲೆ ಮಾತ್ರ ತಕ್ಕಡಿ ಓನರ್ ಕಡೆಗೆ ವಾಲುತ್ತದೆ. ಇದನ್ನು ಬಾಡಿಗೆದಾರರು ಒಪ್ಪಿಕೊಳ್ಳುವುದೇ ವಾಸಿ. ಕರಾರು ಮುಗಿದು ನೀವು ಅಲ್ಲೇ ಉಳಿದು, ಅವರು ಬಾಡಿಗೆ ಪಡೆಯುತ್ತಾ ಹೋದರೆ ಅದು ತಿಂಗಳಿಂದ ತಿಂಗಳಿನ ಬಾಡಿಗೆ. ಅದನ್ನು ಕೊನೆಗೊಳಿಸಲು ಲಿಖಿತವಾಗಿ 15 ದಿನಗಳ ನೋಟಿಸ್ ಸಾಕು. "20,000 ಕೊಡಿ, ಇಲ್ಲವೇ ಖಾಲಿ ಮಾಡಿ" ಎನ್ನಲು ಅವರಿಗೆ ಆಗ ಅಡ್ಡಿಯಿಲ್ಲ.

ತಪ್ಪು ಕಲ್ಪನೆ: ಒಪ್ಪದಿದ್ದರೆ ಬೀಗ ಬದಲಿಸಿ ಹೊರಹಾಕಬಹುದು

ನೋಟಿಸ್ ಕೊಡುವುದು ಬೇರೆ, ಹೊರಹಾಕುವುದು ಬೇರೆ. ಬಿಡದೆ ಕೂತವರನ್ನು ಎಬ್ಬಿಸಲು ಕೋರ್ಟಿನ ಆದೇಶ ಬೇಕು. ಬೀಗ ಬದಲಿಸಿ ಹೊರಗಟ್ಟಿದರೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಪಡೆಯಬಹುದು; ಅಲ್ಲಿ ಮನೆ ಯಾರದೆಂಬ ಪ್ರಶ್ನೆ ಬರುವುದಿಲ್ಲ. ಹಾಗೆಂದು ಕೋರ್ಟು ನಿಧಾನ ಎಂಬ ಧೈರ್ಯದ ಮೇಲೆ ಕೂರುವವರಿಗೂ ಒಂದು ಮಾತು: ನೋಟಿಸ್ ಅವಧಿ ಮುಗಿದ ಮೇಲಿನ ದಿನಗಳಿಗೆ ಮಾರುಕಟ್ಟೆ ದರದಲ್ಲಿ ಹಣ ಕಟ್ಟಿ ಎಂದು ಕೋರ್ಟು ಹೇಳಬಹುದು. ಜಗಳ ನಡೆಯುತ್ತಿದ್ದರೂ ಹಳೆಯ ಬಾಡಿಗೆಯನ್ನು ತಪ್ಪದೆ ಬ್ಯಾಂಕಿನ ಮೂಲಕ ಹಾಕುತ್ತಿರಿ. ನಗದು ಕೊಟ್ಟು ರಸೀದಿ ಇಲ್ಲದವರ ಮಾತನ್ನು ನಂಬುವವರು ಕಡಿಮೆ.

ತಪ್ಪು ಕಲ್ಪನೆ: 11 ತಿಂಗಳಿಗಿಂತ ಹೆಚ್ಚಿನ ಕರಾರು ಮಾಡುವಂತಿಲ್ಲ

ಧಾರಾಳವಾಗಿ ಮಾಡಬಹುದು. ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯ. ಆ ಖರ್ಚು, ಓಡಾಟ ತಪ್ಪಿಸಲು ಹುಟ್ಟಿದ್ದು 11ರ ಉಪಾಯ. ಶೇ 5ರಂತೆ ಮೂರು ವರ್ಷ ಎಂದು ಮಾತಾಗಿದ್ದರೆ ನೋಂದಣಿ ಮಾಡಿಸಿ. ಮಾಡಿಸದಿದ್ದರೆ ನಾಳೆ ಕೋರ್ಟಿನಲ್ಲಿ ಆ ಷರತ್ತು ತೋರಿಸಿ ವಾದಿಸುವುದು ಕಷ್ಟ.

ಈ ಹನ್ನೊಂದರ ಹಿಂದೆ ಓನರುಗಳ ಒಂದು ಭಯವೂ ಇದೆ, 12 ವರ್ಷ ಇದ್ದರೆ ಬಾಡಿಗೆದಾರನೇ ಮಾಲೀಕನಾಗುತ್ತಾನೆ ಎಂದು. ಆಗುವುದಿಲ್ಲ. ಬಾಡಿಗೆ ಕೊಟ್ಟು ಇರುವವನು ಅನುಮತಿಯಿಂದ ಇರುವವನು. ಅನುಮತಿಯಿಲ್ಲದೆ ವರ್ಷಗಟ್ಟಲೆ ಕೂತವನು ಹಕ್ಕು ಸಾಧಿಸುವ ಪ್ರತಿಕೂಲ ಸ್ವಾಧೀನಕ್ಕೆ ಅದು ಸಲ್ಲದು.

ತಪ್ಪು ಕಲ್ಪನೆ: ಕೇಂದ್ರದ ಹೊಸ ಕಾನೂನು ಬಂದಿದೆ, ಎರಡೇ ತಿಂಗಳ ಅಡ್ವಾನ್ಸ್

ವಾಟ್ಸಾಪಿನಲ್ಲಿ ಮತ್ತೆ ಮತ್ತೆ ಸುತ್ತುವ ಸಂದೇಶ. ಅದರ ಮೂಲ 2021ರ ಮಾದರಿ ಬಾಡಿಗೆ ಕಾಯ್ದೆ. ವಾಸದ ಮನೆಗೆ ಎರಡು ತಿಂಗಳ ಮುಂಗಡದ ಮಿತಿ, ಏರಿಕೆಗೆ ಮೂರು ತಿಂಗಳು ಮುಂಚೆ ಲಿಖಿತ ನೋಟಿಸ್ ಎಲ್ಲವೂ ಅದರಲ್ಲಿವೆ, ಚೆನ್ನಾಗಿಯೂ ಇವೆ. ಆದರೆ ಹೆಸರೇ ಹೇಳುವಂತೆ ಅದು ಮಾದರಿ. ಬಾಡಿಗೆಯ ವಿಷಯ ರಾಜ್ಯಪಟ್ಟಿಯದು. ವಿಧಾನಮಂಡಲ ತನ್ನ ಕಾಯ್ದೆಯಾಗಿ ತರುವವರೆಗೆ ನಮ್ಮ ಮನೆಗಳಿಗೆ ಅದು ತಾನಾಗಿ ಅನ್ವಯಿಸದು. ಅಲ್ಲಿಯವರೆಗೆ ಹತ್ತು ತಿಂಗಳ ಅಡ್ವಾನ್ಸ್ ಕೇಳುವ ಓನರಿಗೆ ಆ ಸಂದೇಶ ಕಳಿಸಿ ಪ್ರಯೋಜನವಿಲ್ಲ.

ಮುಂದಿನ ಸಲ ಕರಾರು ಕೈಗೆ ಬಂದಾಗ ಏರಿಕೆಯ ಸಾಲನ್ನು ಮೊದಲು ಹುಡುಕಿ. ಎಷ್ಟು, ಯಾವಾಗಿನಿಂದ, ಎಷ್ಟು ದಿನ ಮುಂಚೆ ತಿಳಿಸಬೇಕು ಎಂಬ ಮೂರೂ ಅಲ್ಲಿರಲಿ. ಚುಕ್ಕಿಗಳಿದ್ದರೆ ತುಂಬಿಸಿ, ಆಮೇಲೆ ಸಹಿ ಹಾಕಿ.