ವಿಡಿಯೊ ನೋಡಿ ಮನೆಯಲ್ಲಿ ಯೋಗಾಭ್ಯಾಸ: ಗಮನಿಸಬೇಕಾದ ಅಂಶಗಳು

ಯೋಗಾಸನಗಳ ಕ್ರಮಬದ್ಧ ಅಭ್ಯಾಸದಿಂದ ಕೀಲು ಹಾಗೂ ಸ್ನಾಯುಗಳ ಬಿಗಿತ ಕಡಿಮೆಯಾಗಿ, ಮನಸ್ಸಿಗೆ ವಿಶ್ರಾಂತಿ ದೊರೆಯುತ್ತದೆ. 2015ರಿಂದ ಪ್ರತಿವರ್ಷ ಜೂನ್ 21ರಂದು ಆಚರಿಸಲಾಗುತ್ತಿರುವ ಅಂತರರಾಷ್ಟ್ರೀಯ ಯೋಗ ದಿನಕ್ಕಾಗಿ ಕೇಂದ್ರ ಆಯುಷ್ ಸಚಿವಾಲಯವು ರೂಪಿಸಿರುವ 45 ನಿಮಿಷಗಳ ಸಾಮಾನ್ಯ ಯೋಗಾಭ್ಯಾಸ ಕ್ರಮದ ವಿಡಿಯೊ ಮನೆಯ ಅಭ್ಯಾಸಕ್ಕೆ ಉಪಯುಕ್ತವಾಗಿದೆ. ಆದರೆ ವಿಡಿಯೊ, ಗುರುವಿನಂತೆ ಅಭ್ಯಾಸಿಯ ತಪ್ಪನ್ನು ಕಂಡು ತಿದ್ದಲಾರದು. ಆದ್ದರಿಂದ ಈ ಕೆಳಗಿನ ಅಂಶಗಳನ್ನು ಪಾಲಿಸುವುದು ಅವಶ್ಯಕ.

1. ಬೆಳಿಗ್ಗೆ ಬರಿಹೊಟ್ಟೆಯಲ್ಲಿ, ಗಾಳಿ ಬೆಳಕಿರುವ ಕೋಣೆಯಲ್ಲಿ ಜಮಖಾನೆ ಹಾಸಿ ಅಭ್ಯಾಸ ಮಾಡುವುದು ಸೂಕ್ತ.

2. ಮೊದಲು ವಿಡಿಯೊವನ್ನು ಪೂರ್ಣವಾಗಿ ವೀಕ್ಷಿಸಬೇಕು. ಆಸನದಲ್ಲಿರುವಾಗ ಕತ್ತು ತಿರುಗಿಸಿ ಪರದೆಯನ್ನು ನೋಡದೆ, ಸೂಚನೆಗಳನ್ನು ಆಲಿಸಬೇಕು.

3. ಪಾದಹಸ್ತಾಸನದಲ್ಲಿ ಕೈ ನೆಲವನ್ನು ಮುಟ್ಟದಿದ್ದರೆ ಬಲವಂತ ಮಾಡದೆ, ಬಾಗುವಷ್ಟೇ ಬಾಗಿ ಸಹಜವಾಗಿ ಉಸಿರಾಡಬೇಕು. ನೋವು ಅಥವಾ ತಲೆಸುತ್ತು ಕಂಡುಬಂದಲ್ಲಿ ಕೂಡಲೇ ನಿಲ್ಲಿಸತಕ್ಕದ್ದು.

4. ಕೊನೆಯಲ್ಲಿ ಕೆಲವು ನಿಮಿಷಗಳ ಶವಾಸನವನ್ನು ಬಿಡಬಾರದು. ವಿಶ್ರಾಂತಿಯೂ ಅಭ್ಯಾಸದ ಅಂಗವೇ ಆಗಿದೆ.

5. ಅಧಿಕ ರಕ್ತದೊತ್ತಡ, ಹೃದ್ರೋಗ, ಗ್ಲುಕೋಮಾ, ಬೆನ್ನುಮೂಳೆಯ ತೊಂದರೆ ಇರುವವರು ಹಾಗೂ ಗರ್ಭಿಣಿಯರು ವೈದ್ಯರ ಸಲಹೆ ಪಡೆದೇ ಆರಂಭಿಸಬೇಕು.

ಶೀರ್ಷಾಸನ, ಸರ್ವಾಂಗಾಸನಗಳನ್ನು ಕೇವಲ ವಿಡಿಯೊ ನೋಡಿ ಪ್ರಯತ್ನಿಸಬಾರದು. ಅವುಗಳನ್ನು ನುರಿತ ಶಿಕ್ಷಕರ ಸಮ್ಮುಖದಲ್ಲಿಯೇ ಕಲಿಯಬೇಕು. ಯೋಗವು ಸ್ಪರ್ಧೆಯಲ್ಲ, ಮಿತವಾದ ನಿತ್ಯಾಭ್ಯಾಸವೇ ಫಲದಾಯಕ.