ಬಿಲ್ಲಿಂಗ್ ತಂತ್ರಾಂಶ ಮತ್ತು ಸುರಕ್ಷಿತ ಸಂಪರ್ಕ: ವರ್ತಕರು ಗಮನಿಸಬೇಕಾದ ಒಂದು ಲೋಪ

ಕೊರಟಗೆರೆ ತಾಲ್ಲೂಕಿನ ಕೊಳಾಲದಲ್ಲಿ ಅಡಿಕೆ ವ್ಯಾಪಾರ ನಡೆಸುತ್ತಿರುವ ನಮ್ಮ ಕಕ್ಷಿದಾರರೊಬ್ಬರ ಮಳಿಗೆಯ ಮುಂದೆ ಕಳೆದ ವರ್ಷ ಒಂದು ಸಂಜೆ ಹೊರರಾಜ್ಯಕ್ಕೆ ಹೊರಡಬೇಕಾಗಿದ್ದ ಲಾರಿಯು ಎರಡೂವರೆ ಗಂಟೆ ಕಾಲ ನಿಂತಿತು. ಸರಕು ತುಂಬಿಯಾಗಿತ್ತು, ತೂಕದ ಚೀಟಿ ಬಂದಿತ್ತು, ಇನ್‌ವಾಯ್ಸ್ ಸಿದ್ಧವಾಗಿತ್ತು. ಆದರೆ ಬಿಲ್ಲಿಂಗ್ ತಂತ್ರಾಂಶದಲ್ಲಿ ಇ-ವೇ ಬಿಲ್ ಗುಂಡಿಯನ್ನು ಒತ್ತಿದಾಗಲೆಲ್ಲ ‘ಸುರಕ್ಷಿತ ಸಂಪರ್ಕ ಸಾಧ್ಯವಾಗಲಿಲ್ಲ’ ಎಂಬ ಅರ್ಥದ ಸಂದೇಶವೊಂದು ಮೂಡುತ್ತಿತ್ತು. ಅದೇ ಗಣಕಯಂತ್ರದ ಬ್ರೌಸರ್‌ನಲ್ಲಿ ಇ-ವೇ ಬಿಲ್ ಜಾಲತಾಣ ಸರಾಗವಾಗಿ ತೆರೆಯುತ್ತಿತ್ತು. ಕೊನೆಗೆ ಅಲ್ಲಿಯೇ ವಿವರಗಳನ್ನು ಕೈಯಿಂದ ತುಂಬಿ ಬಿಲ್ ಪಡೆದು ಲಾರಿಯನ್ನು ಕಳುಹಿಸಲಾಯಿತು. ಮರುದಿನ ತಂತ್ರಾಂಶ ಪೂರೈಕೆದಾರರು ದೂರದಿಂದಲೇ ಹತ್ತು ನಿಮಿಷಗಳಲ್ಲಿ ದೋಷವನ್ನು ‘ಸರಿಪಡಿಸಿದರು’.

ಅವರು ಮಾಡಿದ ದುರಸ್ತಿ ಏನೆಂಬುದು ನನಗೆ ತಿಳಿದದ್ದು ಕೆಲವು ತಿಂಗಳ ನಂತರ, ಲೆಕ್ಕಪರಿಶೋಧನೆಯ ಸಂದರ್ಭದಲ್ಲಿ. ಎದುರಿನ ಸರ್ವರ್‌ನ ಗುರುತನ್ನು ಪರೀಕ್ಷಿಸುವ ಕ್ರಮವನ್ನೇ ಅವರು ತಂತ್ರಾಂಶದಿಂದ ತೆಗೆದುಹಾಕಿದ್ದರು. ಇಂತಹ ದುರಸ್ತಿ ಬೇರೆ ಕಡೆಗಳಲ್ಲಿಯೂ ನಡೆಯುತ್ತಿರುವುದರಿಂದ ಈ ವಿಷಯವನ್ನು ಸದಸ್ಯರ ಗಮನಕ್ಕೆ ತರುವುದು ಉಚಿತವೆಂದು ಭಾವಿಸಿದ್ದೇನೆ.

ಮೌಲ್ಯವರ್ಧಿತ ತೆರಿಗೆಯ ಕಾಲದ ‘ಇ-ಸುಗಮ’ವನ್ನು ನಮ್ಮ ವರ್ತಕರು ಮರೆತಿರಲಾರರು. ಆ ಅನುಭವವಿದ್ದ ಕರ್ನಾಟಕವು 2018ರ ಏಪ್ರಿಲ್ 1ರಂದು ಅಂತರರಾಜ್ಯ ಸಾಗಾಣಿಕೆಯೊಡನೆ ರಾಜ್ಯದೊಳಗಿನ ಸಾಗಾಣಿಕೆಗೂ ಇ-ವೇ ಬಿಲ್ ಜಾರಿಗೆ ತಂದ ಏಕೈಕ ರಾಜ್ಯವಾಗಿತ್ತು. 50,000 ರೂಪಾಯಿ ಮೀರಿದ ತೆರಿಗೆಗೊಳಪಟ್ಟ ಸರಕು ಈ ದಾಖಲೆಯಿಲ್ಲದೆ ಸಾಗಿ ತಡೆಹಿಡಿಯಲ್ಪಟ್ಟರೆ, ಮಾಲೀಕರು ಮುಂದೆ ಬಂದಾಗಲೂ ತೆರಿಗೆಯ ಶೇ. 200ರಷ್ಟು ದಂಡ ತೆರಬೇಕಾಗುತ್ತದೆ. ಹತ್ತು ಲಕ್ಷ ರೂಪಾಯಿಯ ಒಣ ಅಡಿಕೆಗೆ ಶೇ. 5ರ ತೆರಿಗೆ 50,000, ದಂಡ ಒಂದು ಲಕ್ಷ. (ಒಣ ಹುಣಸೆಯ ತೆರಿಗೆಯನ್ನು 2019ರ ಅಕ್ಟೋಬರ್ 1ರಿಂದ ತೆಗೆದುಹಾಕಿದ್ದರಿಂದ ಹುಣಸೆ ವರ್ತಕರು ಈ ತಾಪತ್ರಯದಿಂದ ಪಾರಾಗಿದ್ದಾರೆ.) ಇನ್ನು ಇ-ಇನ್‌ವಾಯ್ಸ್ 2020ರ ಅಕ್ಟೋಬರ್‌ನಲ್ಲಿ 500 ಕೋಟಿ ವಹಿವಾಟಿನವರಿಂದ ಆರಂಭವಾಗಿ 2023ರ ಆಗಸ್ಟ್ 1ರ ವೇಳೆಗೆ 5 ಕೋಟಿಯವರೆಗೆ ಇಳಿದು ಬಂದಿತು. ಹೀಗಾಗಿ ತಂತ್ರಾಂಶವೊಂದು ಸರ್ವರ್‌ನೊಡನೆ ಮಾತನಾಡುವ ರೀತಿಯು ನಮ್ಮ ಸರಕಿನ ಚಲನೆಯನ್ನೇ ನಿರ್ಧರಿಸುವಂತಾಗಿದೆ.

ಈ ಮಾತುಕತೆಯನ್ನು ಬಿಲ್ಲಿಂಗ್ ತಂತ್ರಾಂಶ ಬರೆದವರು ಸ್ವತಃ ರಚಿಸಿರುವುದಿಲ್ಲ. ಜಾವಾ, ಡಾಟ್‌ನೆಟ್, ಪೈಥಾನ್ ಮುಂತಾದ ಪ್ರೋಗ್ರಾಮಿಂಗ್ ಭಾಷೆಗಳು ಅದಕ್ಕಾಗಿ ಸಿದ್ಧ ಸಾಮಗ್ರಿಯನ್ನು ಒದಗಿಸುತ್ತವೆ. ಅದನ್ನು ಲೈಬ್ರರಿ ಎನ್ನುತ್ತಾರೆ. ಪುಸ್ತಕಗಳ ಮನೆಗೂ ಇದಕ್ಕೂ ಸಂಬಂಧವಿಲ್ಲ. ಸುರಕ್ಷಿತ ಸಂಪರ್ಕದಲ್ಲಿ ಲೈಬ್ರರಿಯು ಎರಡು ಕಾರ್ಯಗಳನ್ನು ನಿರ್ವಹಿಸುತ್ತದೆ. ಒಂದು, ದಾರಿಯಲ್ಲಿ ಯಾರೂ ಓದಲಾಗದಂತೆ ವಿವರಗಳಿಗೆ ಬೀಗ ಹಾಕುವುದು. ಇನ್ನೊಂದು, ಎದುರಿಗಿರುವವರು ನಿಜವಾಗಿಯೂ ತಾವು ಹೇಳಿಕೊಳ್ಳುವವರೇ ಎಂದು ಖಚಿತಪಡಿಸಿಕೊಳ್ಳುವುದು. ಎರಡನೆಯದು ಇಲ್ಲದೆ ಮೊದಲನೆಯದಕ್ಕೆ ಬೆಲೆಯಿಲ್ಲ. ಹಣದ ಪೆಟ್ಟಿಗೆಗೆ ಭದ್ರವಾಗಿ ಬೀಗ ಜಡಿದು, ಬೀಗದ ಕೈಯನ್ನು ಅಪರಿಚಿತನ ವಶಕ್ಕೆ ಕೊಟ್ಟಂತೆ.

ಗುರುತಿನ ಪರೀಕ್ಷೆ ನಡೆಯುವುದು ಪ್ರಮಾಣಪತ್ರದ ಮೂಲಕ. ಸರ್ವರ್ ತನ್ನ ಹೆಸರು ಹಾಗೂ ಅವಧಿಯನ್ನು ನಮೂದಿಸಿದ ಪತ್ರವನ್ನು ಮುಂದಿಡುತ್ತದೆ. ಅದಕ್ಕೆ ಒಂದು ಮಾನ್ಯ ಸಂಸ್ಥೆಯ ಡಿಜಿಟಲ್ ಸಹಿ ಇರುತ್ತದೆ. ಲೈಬ್ರರಿಯು ತನ್ನ ಬಳಿ ಇರುವ ಮಾನ್ಯ ಸಂಸ್ಥೆಗಳ ಪಟ್ಟಿಯೊಡನೆ ಸಹಿಯನ್ನೂ, ತಾನು ಕರೆದ ವಿಳಾಸದೊಡನೆ ಹೆಸರನ್ನೂ, ಗಣಕಯಂತ್ರದ ದಿನಾಂಕದೊಡನೆ ಅವಧಿಯನ್ನೂ ತಾಳೆ ನೋಡುತ್ತದೆ. ಒಂದು ತಪ್ಪಿದರೂ ಸಂಪರ್ಕವನ್ನು ಕಡಿಯುತ್ತದೆ.

ಕೊಳಾಲದಲ್ಲಿ ಆದದ್ದು ಇದೇ. ಅಲ್ಲಿಯ ತಂತ್ರಾಂಶವು ನೇರವಾಗಿ ಸರ್ಕಾರದ ಸರ್ವರ್‌ಗೆ ಹೋಗದೆ ಪೂರೈಕೆದಾರರ ಸರ್ವರ್ ಮೂಲಕ ಹೋಗುತ್ತಿತ್ತು. ಅವರು ಆ ವಾರ ತಮ್ಮ ಪ್ರಮಾಣಪತ್ರವನ್ನು ಬೇರೊಂದು ಸಂಸ್ಥೆಯಿಂದ ನವೀಕರಿಸಿಕೊಂಡಿದ್ದರು. ಜಾವಾ ಭಾಷೆಯು ಮಾನ್ಯ ಸಂಸ್ಥೆಗಳ ಪಟ್ಟಿಯನ್ನು ತನ್ನ ಜೊತೆಯಲ್ಲಿಯೇ ತರುತ್ತದೆ. ಮಳಿಗೆಯಲ್ಲಿದ್ದ ಜಾವಾ ಅಳವಡಿಸಿದ ದಿನದಿಂದ ನವೀಕರಣಗೊಂಡಿರಲಿಲ್ಲವಾದ್ದರಿಂದ ಅದರ ಪಟ್ಟಿಯಲ್ಲಿ ಹೊಸ ಸಂಸ್ಥೆಯ ಹೆಸರಿರಲಿಲ್ಲ. ಬ್ರೌಸರ್ ತಾನಾಗಿಯೇ ನವೀಕರಣಗೊಳ್ಳುತ್ತಿದ್ದುದರಿಂದ ಅದಕ್ಕೆ ಯಾವ ತೊಡಕೂ ಆಗಲಿಲ್ಲ. ಜಾವಾವನ್ನು ಹೊಸದಾಗಿ ಅಳವಡಿಸುವುದು ಸರಿಯಾದ ಪರಿಹಾರವಾಗಿತ್ತು. ಅದರ ಬದಲು ಯಾವ ಪ್ರಮಾಣಪತ್ರ ಬಂದರೂ ಒಪ್ಪಿಕೊಳ್ಳುವಂತೆ ಕೆಲವು ಸಾಲುಗಳನ್ನು ಸೇರಿಸಲಾಯಿತು. ತಾಳೆಪಟ್ಟಿ ಹೊಂದದಿದ್ದಾಗ ವ್ಯತ್ಯಾಸದ ಮೊಬಲಗನ್ನು ಅನಾಮತ್ತು ಖಾತೆಗೆ ಹಾಕಿ ಎರಡೂ ಬದಿಯನ್ನು ಸಮ ಮಾಡುವ ಗುಮಾಸ್ತರನ್ನು ನಾವೆಲ್ಲ ಬಲ್ಲೆವು. ಅನಾಮತ್ತು ಖಾತೆಯಾದರೂ ವರ್ಷಾಂತ್ಯಕ್ಕೆ ಕಣ್ಣಿಗೆ ಬೀಳುತ್ತದೆ, ಇದು ಬೀಳುವುದಿಲ್ಲ.

ಲೈಬ್ರರಿಗಳೂ ಈ ವಿಷಯದಲ್ಲಿ ಬಹುಕಾಲ ಉದಾಸೀನವಾಗಿದ್ದವೆಂಬುದನ್ನು ಒಪ್ಪಬೇಕು. ಪೈಥಾನ್ ಭಾಷೆಯ ಸಿದ್ಧ ಲೈಬ್ರರಿಯು 2014ರ ಡಿಸೆಂಬರ್‌ವರೆಗೆ ಪ್ರೋಗ್ರಾಮರ್ ವಿಶೇಷವಾಗಿ ಕೇಳದ ಹೊರತು ಜಾಲತಾಣಗಳ ಪ್ರಮಾಣಪತ್ರವನ್ನು ಪರೀಕ್ಷಿಸುತ್ತಲೇ ಇರಲಿಲ್ಲ. ಆ ತಿಂಗಳು ಬಂದ 2.7.9ನೆಯ ಆವೃತ್ತಿಯಿಂದ ಪರೀಕ್ಷೆಯೇ ಸಹಜ ಕ್ರಮವಾಯಿತು. ಬೀಗದ ವಿಧಾನದಲ್ಲಿಯೂ ಇದೇ ಕಥೆ. ಟಿ.ಎಲ್.ಎಸ್. ಎಂಬ ಈ ವಿಧಾನದ ಮೊದಲ ಆವೃತ್ತಿ 1999ರದು, 1.2 ಆವೃತ್ತಿ 2008ರದು, 1.3 ಆವೃತ್ತಿ 2018ರದು. ಮೊದಲೆರಡನ್ನು, ಅಂದರೆ 1.0 ಮತ್ತು 1.1ನ್ನು, 2021ರ ಮಾರ್ಚ್‌ನಲ್ಲಿ ಅಂತರಜಾಲದ ಮಾನಕ ಸಂಸ್ಥೆಯು ಕೈಬಿಟ್ಟಿತು. ಆದರೆ ಜಾವಾ 7ರಲ್ಲಿ 1.2 ಆವೃತ್ತಿ ಇದ್ದರೂ ಹೊರಗೆ ಸಂಪರ್ಕಿಸುವಾಗ ಅದು ತಾನಾಗಿ ಬಳಕೆಯಾಗುತ್ತಿರಲಿಲ್ಲ. 2014ರ ಜಾವಾ 8ರಲ್ಲಿ ಅದು ಸಹಜ ಕ್ರಮವಾಯಿತು. ಡಾಟ್‌ನೆಟ್ 4.5ರದೂ ಇದೇ ಸ್ಥಿತಿ, 4.6ರಲ್ಲಿ ಸರಿಹೋಯಿತು. ಹಳೆಯ ಬುನಾದಿಯ ಮೇಲೆ ಕಟ್ಟಿದ ತಂತ್ರಾಂಶವನ್ನು ಸರ್ವರ್‌ಗಳು ಒಂದು ದಿನ ಹಠಾತ್ತನೆ ತಿರಸ್ಕರಿಸುವುದಕ್ಕೆ ಇದೂ ಕಾರಣ.

ಕೊಳಾಲದಂತಹ ಊರಿನ ಅಂಗಡಿಯ ಸಂಪರ್ಕವನ್ನು ಯಾರು ಮಧ್ಯದಲ್ಲಿ ತಡೆದು ಓದುತ್ತಾರೆಂದು ಕೆಲವರು ಕೇಳಬಹುದು. 2014ರ ಜುಲೈ 2ರಂದು ಗೂಗಲ್ ಸಂಸ್ಥೆಯು ತನ್ನ ಜಾಲತಾಣಗಳ ಹೆಸರಿನಲ್ಲಿ ಅನಧಿಕೃತ ಪ್ರಮಾಣಪತ್ರಗಳಿರುವುದನ್ನು ಪತ್ತೆಹಚ್ಚಿತು. ಅವುಗಳನ್ನು ನೀಡಿದ್ದು ನಮ್ಮ ದೇಶದ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಪ್ರಮಾಣಪತ್ರ ವಿಭಾಗ. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯಡಿ ನೇಮಕಗೊಂಡ ನಿಯಂತ್ರಕರು ಮರುದಿನವೇ ಆ ವಿಭಾಗದ ಅಧಿಕಾರಪತ್ರಗಳನ್ನು ರದ್ದುಪಡಿಸಿದರು. ಪರೀಕ್ಷೆ ನಡೆಸುವವರನ್ನು ವಂಚಿಸಲು ಇಂತಹ ಸಹಿಯುಳ್ಳ ಪತ್ರವಾದರೂ ಬೇಕು. ಪರೀಕ್ಷೆಯನ್ನೇ ನಿಲ್ಲಿಸಿದ ತಂತ್ರಾಂಶಕ್ಕೆ ಅದೂ ಬೇಡ. ಅಂಗಡಿಯ ವೈ-ಫೈ ಪೆಟ್ಟಿಗೆಯನ್ನು ವಶಪಡಿಸಿಕೊಂಡ ಯಾರೇ ಆಗಲಿ ತಾವೇ ಬರೆದುಕೊಂಡ ಪತ್ರವನ್ನು ತೋರಿಸಿದರೆ ಸಾಕು. ಇ-ವೇ ಬಿಲ್ ವ್ಯವಸ್ಥೆಗೆ ನೇರವಾಗಿ ಜೋಡಣೆಗೊಳ್ಳುವ ತಂತ್ರಾಂಶಗಳು ಪಾಸ್‌ವರ್ಡ್‌ಗೆ ಪ್ರತ್ಯೇಕವಾಗಿ ಇನ್ನೊಂದು ಬೀಗ ಹಾಕಬೇಕೆಂಬ ನಿಯಮವಿದೆ, ಅದು ಸ್ವಲ್ಪ ಸಮಾಧಾನ. ಆದರೆ ಮಳಿಗೆಯಿಂದ ಪೂರೈಕೆದಾರರ ಸರ್ವರ್‌ವರೆಗಿನ ದಾರಿಗೆ ಆ ನಿಯಮ ಅನ್ವಯಿಸುವುದಿಲ್ಲ. ಬಳಕೆದಾರರ ಹೆಸರು, ಪಾಸ್‌ವರ್ಡ್, ಗಿರಾಕಿಗಳ ಪಟ್ಟಿ, ದರ ಎಲ್ಲವೂ ಆ ದಾರಿಯಲ್ಲಿಯೇ ಸಾಗುತ್ತವೆ. ನಮ್ಮ ಹೆಸರಿನಲ್ಲಿ ಇನ್ನಾರೋ ಇ-ವೇ ಬಿಲ್ ತೆಗೆದರೆ ಉತ್ತರ ಹೇಳಬೇಕಾದವರು ನಾವು.

ಆದ್ದರಿಂದ ಪೂರೈಕೆದಾರರನ್ನು ಬರವಣಿಗೆಯಲ್ಲಿಯೇ ಕೇಳಿರಿ: ತಂತ್ರಾಂಶವು ಯಾವ ಭಾಷೆಯ ಯಾವ ಆವೃತ್ತಿಯನ್ನು ಅವಲಂಬಿಸಿದೆ, ಪ್ರಮಾಣಪತ್ರದ ಪರೀಕ್ಷೆಯನ್ನು ಎಲ್ಲಿಯಾದರೂ ನಿಲ್ಲಿಸಲಾಗಿದೆಯೇ ಎಂದು. ಉತ್ತರವನ್ನು ವಾರ್ಷಿಕ ನಿರ್ವಹಣಾ ಒಪ್ಪಂದದೊಡನೆ ಲಗತ್ತಿಸಿಕೊಳ್ಳುವುದು ಒಳ್ಳೆಯದು. ಬರಿಯ ಮಾತು ಸಾಲದೆನಿಸಿದರೆ ‘ಬ್ಯಾಡ್‌ಎಸ್‌ಎಸ್‌ಎಲ್’ ಎಂಬ ಪರೀಕ್ಷಾ ಜಾಲತಾಣವಿದೆ. ಅಲ್ಲಿ ಉದ್ದೇಶಪೂರ್ವಕವಾಗಿಯೇ ಅವಧಿ ಮುಗಿದ ಹಾಗೂ ಹೆಸರು ತಪ್ಪಿದ ಪ್ರಮಾಣಪತ್ರಗಳನ್ನು ಇಡಲಾಗಿದೆ. ಅದರೊಡನೆ ತಂತ್ರಾಂಶವು ಚಕಾರವೆತ್ತದೆ ಸಂಪರ್ಕ ಸಾಧಿಸಿದರೆ ಪರೀಕ್ಷೆ ನಿಂತಿದೆಯೆಂದೇ ಅರ್ಥ. ಕೆಲವು ಪೂರೈಕೆದಾರರು ಸರ್ವರ್‌ನ ಪ್ರಮಾಣಪತ್ರದ ಪ್ರತಿಯನ್ನೇ ತಂತ್ರಾಂಶದೊಳಗೆ ಇಟ್ಟುಬಿಡುತ್ತಾರೆ. ಅದೂ ಬೇಡ. 2025ರ ಏಪ್ರಿಲ್‌ನಲ್ಲಿ ಆದ ಅಂತರರಾಷ್ಟ್ರೀಯ ನಿರ್ಣಯದಂತೆ ಪ್ರಮಾಣಪತ್ರದ ಗರಿಷ್ಠ ಅವಧಿ 2026ರ ಮಾರ್ಚ್ 15ರಿಂದ 200 ದಿನ, 2027ರ ಅದೇ ದಿನದಿಂದ 100 ದಿನ, 2029ರಲ್ಲಿ 47 ದಿನಗಳಿಗೆ ಇಳಿಯಬೇಕು. ಒಳಗಿಟ್ಟ ಪ್ರತಿಯನ್ನು ಅಷ್ಟು ಸಲ ಬದಲಿಸಲು ಯಾರಿಂದಲೂ ಆಗದು.

ಪೂರೈಕೆದಾರರನ್ನು ದೂರುವ ಮುನ್ನ ಗಣಕಯಂತ್ರದ ಮೂಲೆಯಲ್ಲಿರುವ ದಿನಾಂಕವನ್ನೂ ನೋಡಿಕೊಳ್ಳಿರಿ. ಒಳಗಿನ ಚಿಕ್ಕ ಬ್ಯಾಟರಿ ಮುಗಿದಿದ್ದರೆ, ಕರೆಂಟು ಹೋಗಿ ಬಂದಾಗಲೆಲ್ಲ ಯಂತ್ರವು ಹಲವು ವರ್ಷ ಹಿಂದಕ್ಕೆ ಹೋಗುತ್ತದೆ. ಆಗ ಸರಿಯಾದ ಪ್ರಮಾಣಪತ್ರವೂ ಅದಕ್ಕೆ ಇನ್ನೂ ಜಾರಿಗೆ ಬಾರದ ಪತ್ರದಂತೆ ಕಾಣುತ್ತದೆ.

ಲಾರಿ ನಿಂತಿರುವಾಗ ಇದನ್ನೆಲ್ಲ ವಿಚಾರಿಸಲು ಸಮಯವಿರುವುದಿಲ್ಲ. ಅಂತಹ ಸಂಜೆ ಕೊಳಾಲದವರು ಮಾಡಿದಂತೆ ಬ್ರೌಸರ್ ಮೂಲಕ ಸರ್ಕಾರದ ಜಾಲತಾಣಕ್ಕೆ ಹೋಗಿ ಬಿಲ್ ತೆಗೆಯುವುದೇ ಸರಿ. ಅಲ್ಲಿಯೂ ಬ್ರೌಸರ್ ಎಚ್ಚರಿಕೆ ನೀಡಿದರೆ ‘ಆದರೂ ಮುಂದುವರಿಯಿರಿ’ ಎಂಬುದನ್ನು ಒತ್ತದೆ ಬೇರೊಂದು ಗಣಕಯಂತ್ರದಿಂದ ಪ್ರಯತ್ನಿಸಬೇಕು. ಕೊಳಾಲದ ಮಳಿಗೆಯಲ್ಲಿ ನಂತರ ಜಾವಾವನ್ನು ಹೊಸದಾಗಿ ಅಳವಡಿಸಿ, ಸೇರಿಸಿದ್ದ ಸಾಲುಗಳನ್ನು ತೆಗೆಸಿದೆವು. ಅದಕ್ಕೆ ಒಂದು ಮಧ್ಯಾಹ್ನ ಹಿಡಿಯಿತು.